ಮಾವನವರ ಶಕ್ತಿ ಗುಳಿಗೆಯ ಬಾಲ

ನನ್ನ ತಂಗಿ ಜಮಖಂಡಿಯಲ್ಲಿ ಫಾರ್ಮಸಿ ಓದುವಾಗ, ರಜೆಗೆ ಬನಹಟ್ಟಿಯ ನಮ್ಮ ಮನೆಗೆ ಬಂದರೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಪಾಠ ಒಪ್ಪಿಸುತ್ತಿದ್ದಳು. ಔಷಧದ ಮೂಲ ಹೆಸರಿನ ಬಾಲ ನೋಡಿದರೆ ಅದರ ಮನೆತನ ತಿಳಿಯುತ್ತದಂತೆ. ‘ಪ್ರಜೋಲ್’ ಎಂದು ಮುಗಿದರೆ ಹೊಟ್ಟೆಯುರಿಗೆ, ‘ಸ್ಟಾಟಿನ್’ ಎಂದರೆ ರಕ್ತದ ಕೊಬ್ಬಿಗೆ, ‘ಪ್ರಿಲ್’ ಎಂದರೆ ಬಿ.ಪಿ.ಗೆ. ಪ್ರಿಲ್ ಮನೆತನದವು ಕೆಲವರಿಗೆ ಒಣಕೆಮ್ಮು ತರುತ್ತವೆ ಎಂದೂ ಹೇಳಿದ್ದಳು. ಅಂದಿನಿಂದ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಗೋಡೆಯ ಗೂಡಿನಲ್ಲಿನ ಗುಳಿಗೆಗಳ ಮೇಲೆ!

ಆ ವರ್ಷ ನಮ್ಮ ಮಾವನವರಿಗೆ ಒಣಕೆಮ್ಮು ಹತ್ತಿತು. ಮಠದ ಭಜನೆಯಲ್ಲಿ ಮುಂದೆ ಕುಳಿತು ಹಾಡುವವರು ಅವರೇ. ಪಲ್ಲವಿ ಎತ್ತಿದರೆ ಸಾಕು, ಕೆಮ್ಮು.

“ಶ್ರಾವಣದೊಳಗ ಕೆಮ್ಮ ಹೋಗಲಿಲ್ಲಂದ್ರ ಬ್ಯಾರೇದವ್ರು ಹಾಡ್ಲಿ ಬಿಡ್ರಿ” ಎಂದುಬಿಟ್ಟರು ತಂಡದವರು.

ಮಾವನವರು ಮೊದಲು ಮನೆಯ ಮಗ್ಗದ ಧೂಳನ್ನು ಬೈದರು, ಆಮೇಲೆ ಅತ್ತೆಯ ಒಗ್ಗರಣೆಯನ್ನು.

“ಇಷ್ಟ ವರ್ಷ ಇದ ಒಗ್ಗರಣಿ ಉಂಡು ಹಾಡೀರಲ್ಲ, ಈಗ ಚುಚ್ಚಾಕತ್ತೈತೇನು?” ಎಂದರು ಅತ್ತೆ.

ಮಾವನವರು ದಿನಾ ಬೆಳಿಗ್ಗೆ ಅಡಿಕೆ ಡಬ್ಬಿಯಿಂದ ಒಂದು ಗುಳಿಗೆ ತೆಗೆದು ನುಂಗುತ್ತಿದ್ದರು. ಕೇಳಿದರೆ “ಶಕ್ತಿ ಗುಳಿಗಿ” ಎನ್ನುವರು. ಬಿ.ಪಿ. ಬರುವುದು ಸಿಡುಕರಿಗೆ ಮಾತ್ರ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರು ಅವರು. ಒಂದು ದಿನ ಡಬ್ಬಿ ಒರೆಸುವಾಗ ನೋಡಿದೆ. ಹೆಸರು ಕಾಣದ ಹಾಗೆ ಗುಳಿಗೆಯ ಹಾಳೆಯನ್ನು ಕತ್ತರಿಸಿಟ್ಟಿದ್ದರು. ಹಿಂಬದಿಯಲ್ಲಿ ಮಾತ್ರ ಸಣ್ಣ ಇಂಗ್ಲಿಷ್ ಅಕ್ಷರದ ಬಾಲ ಉಳಿದಿತ್ತು: ಪ್ರಿಲ್.

ಚಹಾ ಕೊಡುತ್ತ ಮೆಲ್ಲಗೆ ಅಂದೆ: “ಮಾವಾರ, ನಿಮ್ಮ ಶಕ್ತಿ ಗುಳಿಗಿ ಬಾಲ ಪ್ರಿಲ್ ಐತ್ರಿ, ಅದರಿಂದನ ಕೆಮ್ಮ ಬಂದಿರಬೇಕ್ರಿ. ಕೊಟ್ಟ ಡಾಕ್ಟರ್‌ನ ಕೇಳ್ರಿ. ನೀವಾಗೇ ಬಿಡಬ್ಯಾಡ್ರಿ ಮತ್ತ.”

ಅವರು ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, “ನಿಮ್ಮ ಅತ್ತಿಯವರಿಗೆ ಗೊತ್ತೇನು?” ಎಂದರು.

“ಏನ್ರಿ?”

“ಏನಿಲ್ಲ ಬಿಡವಾ.”

ಮರುದಿನವೇ ಮುಧೋಳದಲ್ಲಿ ಏನೋ ಕೆಲಸವಿದೆ ಎಂದು ಬಸ್ಸು ಹತ್ತಿದರು. ಸಂಜೆ ಡಬ್ಬಿಗೆ ಹೊಸ ಗುಳಿಗೆ ಬಂದಿತ್ತು. ಬಾಲ ‘ಸಾರ್ಟಾನ್’. ಅದೂ ಬಿ.ಪಿ.ಗೇ, ಆದರೆ ಕೆಮ್ಮಿನ ಕಾಟ ಕಡಿಮೆ. ಡಬ್ಬಿ ಮುಚ್ಚಿ ಇದ್ದಲ್ಲೇ ಇಟ್ಟೆ.

ಕೆಮ್ಮು ನಿಧಾನಕ್ಕೆ ಇಳಿಯಿತು. ಶ್ರಾವಣದ ಮೊದಲ ಸೋಮವಾರ ಮಠ ತುಂಬಿತ್ತು. ಮಾವನವರ ದನಿ ಗಂಟೆಯ ಹಾಗೆ ಎದ್ದಿತು. ನಡುವೆ ಹಾರ್ಮೋನಿಯಂ ಪೇಟಿ ಬಾರಿಸುವವರು ಖೊಕ್ಕೆಂದು ಕೆಮ್ಮಿದರು. ಮಾವನವರಿಗೆ ತಡೆಯಲಾಗಲಿಲ್ಲ. ಹಾಡು ನಿಲ್ಲಿಸಿಯೇಬಿಟ್ಟರು.

“ಲೇ, ನಿನ್ನ ಬಿ.ಪಿ. ಗುಳಿಗಿ ಬಾಲ ಪ್ರಿಲ್ ಐತೇನ್ ನೋಡ್! ನಂದೂ ಅದ ಇತ್ತು!”

ಹೆಂಗಸರ ಸಾಲಿನಿಂದ ಅತ್ತೆಯ ದನಿ ಬಂತು: “ನಂದೂ ಅಂದ್ರ?”

ಮಾವನವರು ಥಟ್ಟನೆ ಪಲ್ಲವಿ ಎತ್ತಿದರು, ಪೇಟಿಗೆ ಎಟುಕದಷ್ಟು ಮೇಲಿನ ಶ್ರುತಿಯಲ್ಲಿ.