ಯಾರ ಕೂಸಿಗೆ?

ಸಿರುಗುಪ್ಪದ ಒಂದು ಶಿಬಿರದಲ್ಲಿ ಬಸುರಿಯರ ರಕ್ತ ತೆಗೆಯೋ ಕೆಲಸ ನನ್ನದಾಗಿತ್ತು. ಎಷ್ಟು ಮಂದಿಗೆ ಹೆಪಟೈಟಿಸ್ ಬಿ ಸೋಂಕಿದೆ ಅನ್ನೋದು ಬಳ್ಳಾರಿಯ ದೊಡ್ಡ ಡಾಕ್ಟರೊಬ್ಬರ ಸಂಶೋಧನೆ. ಗುಟ್ಟು ಕಾಪಾಡಬೇಕಂತೆ, ಅದಕ್ಕೇ ಟ್ಯೂಬಿನ ಮೇಲೆ ಹೆಸರಿಲ್ಲ, ಬರೀ ಒಂದು ಕ್ರಮಸಂಖ್ಯೆ.

"ನಿಮ್ಮ ಫಲಿತಾಂಶ ಯಾರಿಗೂ ತಿಳಿಯುವುದಿಲ್ಲ" ಅಂತ ಒಪ್ಪಿಗೆ ಪತ್ರವನ್ನು ಗಿಳಿಪಾಠ ಒಪ್ಪಿಸಿದೆ. ತೆಕ್ಕಲಕೋಟೆಯಿಂದ ಬಂದಿದ್ದ ಏಳು ತಿಂಗಳ ಬಸುರಿ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು.

"ನನಗೂ ತಿಳಿಯಂಗಿಲ್ಲೇನ್ರಿ ಮೇಡಂ?"

"ಇಲ್ಲವ್ವಾ, ರೂಲ್ಸ್ ಹಂಗೈತಿ."

"ಸೋಂಕು ಐತಿ ಅಂತ ಬಂದ್ರ?"

"ಹುಟ್ಟಿದ ಕೂಡ್ಲೆ ಕೂಸಿಗೆ ಮಾಮೂಲಿ ಲಸಿಕೆ ಜೊತಿಗೆ ಇನ್ನೊಂದು ಇಂಜೆಕ್ಷನ್ ಹಾಕಿಸಬೇಕು."

"ಯಾರ ಕೂಸಿಗ್ರಿ?"

ನಾನು ಫಾರಂ ತಿರುವಿ ಹಾಕಿದೆ. ಮೂರು ಪುಟದ ತುಂಬಾ ಗುಟ್ಟು ಕಾಪಾಡೋ ಮಾತೇ ಇತ್ತು. ಅವಳು ನನ್ನ ಪೆನ್ನು ಇಸಕೊಂಡು, ಟ್ಯೂಬಿಗೆ ಅಂಟಿಸಿದ್ದ ಚೀಟಿಯ ಮೇಲೆ ತನ್ನ ಮೊಬೈಲ್ ನಂಬರ್ ಬರೆದಳು.

"ಈಗ ತಗೀರಿ" ಅಂತ ಮತ್ತೆ ಕೈ ಚಾಚಿದಳು.

ನಿಯಮ ಮುರಿದೆ ಅಂತ ಬಳ್ಳಾರಿಯಲ್ಲಿ ನನಗೆ ಸರಿಯಾಗಿ ಮಂಗಳಾರತಿ ಆಯ್ತು. ಆ ಶಿಬಿರದ ನಾಲ್ಕು ಟ್ಯೂಬುಗಳಲ್ಲಿ ಸೋಂಕು ಸಿಕ್ಕಿತು. ಒಂದು ಅವಳದು, ಫೋನ್ ಮಾಡಿ ಹೇಳಿದೆ. ಉಳಿದ ಮೂವರ ಗುಟ್ಟನ್ನು ಮಾತ್ರ ನಿಯಮದ ಪ್ರಕಾರವೇ ಕಾಪಾಡಿದ್ದೇವೆ, ಅವರಿಗೂ ಗೊತ್ತಾಗದ ಹಾಗೆ.