ತೂಕ ನೋಡಿ ಕೊಂಡ ಸೈಕಲ್

ತಾತನ ಬಲಗೈ ಹೆಬ್ಬೆರಳ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಗ್ರೀಸು ಕೂತು ಕಪ್ಪಗೆ ಗೆರೆ ಎಳೆದಂತೆ ಕಾಣುತ್ತಿತ್ತು. ರಿಪೇರಿಗೆ ಬಂದ ಸೈಕಲ್ಲಿನ ಫ್ರೇಮಿಗೆ ಆ ಉಗುರಿನಿಂದ ಎರಡು ಸಲ ಬಡಿದು, ಸದ್ದು ಕೇಳಿ, ಮೂತಿ ಸೊಟ್ಟ ಮಾಡುತ್ತಿದ್ದರು. ಚಳ್ಳಕೆರೆಯ ಮಾರ್ಕೆಟ್ ರಸ್ತೆಯಲ್ಲಿ, ಎಣ್ಣೆ ಮಿಲ್ಲಿನ ಗೋಡೆಗೆ ಒರಗಿದಂತಿದ್ದ ಅವರ ಸೈಕಲ್ ಶಾಪಿಗೆ ಬಂದು ಬೈಸಿಕೊಳ್ಳದೆ ಹೋದವರನ್ನು ನಾನು ನೋಡಿಲ್ಲ.

ನಮ್ಮಿಬ್ಬರಿಗೂ ಸಂಬಂಧವೇನಿಲ್ಲ. ಊರಿಗೆಲ್ಲ ಅವರು ತಾತ, ನನಗೂ ತಾತ. ನಮ್ಮದು ಕುರಿ ಸಾಕುವ ಮನೆ. ನಾನು ಹತ್ತನೇ ತರಗತಿ ಮುಗಿಸಿದ ವರ್ಷ ಕ್ರೀಡಾ ಹಾಸ್ಟೆಲ್ಲಿಗೆ ಬೆಟ್ಟದ ಸೈಕಲ್ ರೇಸಿನ ಆಯ್ಕೆ ಇತ್ತು. ಆಯ್ಕೆಯಾದರೆ ಊಟ, ವಸತಿ, ಮುಂದಿನ ಓದು ಎಲ್ಲ ಅಲ್ಲೇ. ಆಗದಿದ್ದರೆ ಓದು ಸಾಕು, ಕುರಿ ಹಿಂದೆ ಹೋಗು ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು.

ಸೈಕಲ್ ಕೊಡಿಸಲು ಮುಂದೆ ಬಂದವನು ಅಣ್ಣ. ಅವನು ಮಾರ್ಕೆಟ್ಟಿನಲ್ಲಿ ಹಮಾಲಿ. ದಿನವಿಡೀ ಶೇಂಗಾ ಚೀಲ ಹೊರುವವನಿಗೆ ಕಾಯಿ ಭಾರವಾದರೆ ಒಳಗೆ ಬೀಜ ಇದೆ, ಹಗುರವಾದರೆ ಜೊಳ್ಳು ಎಂಬುದೊಂದೇ ಗೊತ್ತು. ಹೊಸ ಸೈಕಲ್ ಮಾರುವ ಅಂಗಡಿಯಲ್ಲಿ ತೋರಿಸಿದ ಎರಡು ಸೈಕಲ್ಲನ್ನೂ ಒಂದೊಂದಾಗಿ ಎತ್ತಿ ನೋಡಿದ. ಹಗುರವಾದುದನ್ನು ಕೆಳಗಿಟ್ಟು, "ಇದು ಜೊಳ್ಳು. ಅದು ಗಟ್ಟಿ ಐತೆ, ಅದನ್ನೇ ಕೊಡ್ರಿ" ಎಂದ. ಅಂಗಡಿಯವನು ತುಟಿಯಂಚಲ್ಲಿ ನಗುತ್ತಲೇ ಬಿಲ್ಲು ಬರೆದ. ಅಷ್ಟು ದಡ್ಡ ಗಿರಾಕಿ ಅವನಿಗೆ ಆ ವರ್ಷ ಬೇರೆ ಸಿಕ್ಕಿರಲಾರ. ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ ನಾನೂ ಅದೇ ಜಾತಿಯವಳೇ.

ಸೀಟು ಸರಿ ಮಾಡಿಸಲು ತಾತನ ಹತ್ತಿರ ಒಯ್ದೆವು. ಉಗುರಿನಿಂದ ಬಡಿದರು.

"ಛೀ! ಇದನ್ನ ಯಾವನಲೇ ನಿನ್ನ ತಲೆಗೆ ಕಟ್ಟಿದ್ದು?"

"ಯಾಕ್ ತಾತ? ಹಿಂದೆ ಮುಂದೆ ಶಾಕ್ ಅಬ್ಸಾರ್ಬರ್ ಐತೆ, ಡಿಸ್ಕ್ ಬ್ರೇಕ್ ಐತೆ, ಇಪ್ಪತ್ತೊಂದು ಗೇರ್ ಐತೆ" ಎಂದ ಅಣ್ಣ.

"ಕೊರಳಿಗೊಂದು ಗಂಟೆ ಕಟ್ಟಿಬಿಡು, ಎತ್ತೂ ಆಗ್ತೈತೆ."

ಮುಂದಿನ ಶಾಕನ್ನು ಒತ್ತಿ ಬಿಟ್ಟರು. ಅದು ಟಣ್ಣನೆ ಪುಟಿಯಿತು. "ನೋಡವ್ವ, ಒಳಗೆ ಬರೀ ಸ್ಪ್ರಿಂಗು. ಒಳ್ಳೇದ್ರಾಗೆ ಆ ನೆಗೆತ ತಡೆಯೋಕೆ ಎಣ್ಣೆ ಇರ್ತೈತೆ, ನಿಧಾನಕ್ಕೆ ಮೇಲೆ ಬರ್ತೈತೆ. ಇದು ಕಲ್ಲಿನ ಮ್ಯಾಲೆ ನಿನ್ನನ್ನೇ ಎತ್ತಿ ಒಗೀತೈತೆ. ಹಿಂದಿನ ಶಾಕಂತೂ ನೀನು ತುಳಿದಿದ್ದರಾಗೆ ಅರ್ಧ ತಿಂತೈತೆ. ಕಬ್ಬಿಣ ತುಂಬೋಕೆ ಖರ್ಚಿಲ್ಲ. ಗಟ್ಟಿತನ ಹೋಗದಂಗೆ ತೂಕ ಇಳಿಸ್ಬೇಕಲ್ಲ, ಖರ್ಚು ಅಲ್ಲೈತೆ."

ಅಣ್ಣನ ಮುಖ ಕಪ್ಪಿಟ್ಟಿತು. ಮುದುಕನಿಗೆ ಹೊಟ್ಟೆಕಿಚ್ಚು ಎಂದು ದಾರಿಯುದ್ದಕ್ಕೂ ಗೊಣಗಿದ. ನಾನೂ ಹೂಂಗುಟ್ಟಿದೆ. ಮೂರನೇ ದಿನ ಜಟಿಂಗ ರಾಮೇಶ್ವರದ ಬೆಟ್ಟದ ಬುಡದ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಹಿಡಿ ಹ್ಯಾಂಡಲ್ಲಿಗೆ ಅಂಟಿತು, ಚಕ್ರ ನಿಲ್ಲಲಿಲ್ಲ. ಹಿಂದಿನ ಶಾಕಿನ ಬೋಲ್ಟು ಮುರಿದು ನಾನು ಜಾಲಿ ಪೊದೆಗೆ ಬಿದ್ದೆ. ಆಯ್ಕೆಗೆ ಇಪ್ಪತ್ತು ದಿನ ಉಳಿದಿತ್ತು.

ಮಿಲ್ಲಿನ ಯಜಮಾನರ ಮಗ ಭಾರಿ ಬೆಲೆಯ ಸೈಕಲ್ ತಂದು, ಎರಡು ಫೋಟೋ ತೆಗೆಸಿಕೊಂಡು, ಮನೆಯ ಪಡಸಾಲೆ ಗೋಡೆಗೆ ನೇತುಹಾಕಿದ್ದ. ಅಣ್ಣ ಅವನ ಕೈಕಾಲು ಹಿಡಿದು ಅದನ್ನು ಎರವಲು ತಂದ. ಈ ಸಲ ಫ್ರೇಮ್ ಬಡಿದ ತಾತ ಮೂತಿ ಸೊಟ್ಟ ಮಾಡಲಿಲ್ಲ. ಮಾಲು ಅಸಲಿ. ನನ್ನನ್ನು ಸೀಟಿನ ಮುಂದಿನ ಅಡ್ಡ ಬಾರಿನ ಆಚೀಚೆ ಕಾಲು ಹಾಕಿಸಿ ನಿಲ್ಲಿಸಿದರು. ನನ್ನ ಹಿಮ್ಮಡಿ ನೆಲ ಮುಟ್ಟಲಿಲ್ಲ.

"ಆರಡಿ ಆಳಿನ ಸೈಕಲ್ಲು. ವಾಪಸ್ ಕೊಡು. ಅದು ಗೋಡೆ ಮ್ಯಾಲೇ ಸಾಯ್ಲಿ."

ಮರುದಿನ ನಮ್ಮ ಮುರುಕು ಸೈಕಲ್ಲನ್ನು ತಾವೇ ತಳ್ಳಿಕೊಂಡು ಅದನ್ನು ಮಾರಿದ್ದ ಅಂಗಡಿಗೆ ಹೋದರು. ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ ಎಂದ ಅಂಗಡಿಯವನು. ತಾತ ಜಗಳಕ್ಕಿಳಿಯಲಿಲ್ಲ. ಬಾಗಿಲಲ್ಲೊಂದು ಸ್ಟೂಲ್ ಹಾಕಿಕೊಂಡು ಕೂತು, ಬಂದ ಗಿರಾಕಿಗಳಿಗೆಲ್ಲ ಮುರಿದ ಬೋಲ್ಟು ತೋರಿಸಿ, "ಒಳಗೆ ಹೋಗ್ರಿ, ಇಂಥವು ಇನ್ನೂ ಅದಾವೆ" ಎಂದು ಮರ್ಯಾದೆಯಿಂದ ಹೇಳತೊಡಗಿದರು. ಮಧ್ಯಾಹ್ನದೊಳಗೆ ಅಂಗಡಿಯವನು ಅಣ್ಣ ಜೊಳ್ಳೆಂದು ಬಿಟ್ಟಿದ್ದ ಹಗುರ ಸೈಕಲ್ಲನ್ನು ಬದಲಿಗೆ ಕೊಡುತ್ತೇನೆಂದು ಹೊರಗೆ ತಂದು ನಿಲ್ಲಿಸಿದ. ಅದಕ್ಕೆ ಹಿಂದೆ ಶಾಕ್ ಇರಲಿಲ್ಲ, ಥಳುಕಿನ ಬಣ್ಣವಿರಲಿಲ್ಲ. ಆಚೀಚೆ ಕಾಲು ಹಾಕಿ ನಿಂತರೆ ನನಗೂ ಬಾರಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ಬ್ರೇಕಿಗೂ ಟೈರಿಗೂ ಮಾತ್ರ ತಾತ ಒಳ್ಳೆಯ ಸಾಮಾನು ಹಾಕಿದರು. ಜೀವ ಉಳಿಸೋದು ಅವೆರಡೇ, ಉಳಿದಿದ್ದೆಲ್ಲ ಆಮೇಲೆ ಎಂದರು.

ಆಯ್ಕೆಯ ದಿನ ಐದು ಹುಡುಗಿಯರನ್ನು ತೆಗೆದುಕೊಂಡರು. ನಾನು ನಾಲ್ಕನೆಯವಳು. ಬಸ್ಸಿಳಿದವಳೇ ಶಾಪಿಗೆ ಓಡಿ ಹೇಳಿದೆ. ಪಂಕ್ಚರ್ ಹುಡುಕುತ್ತಿದ್ದವರು ತಲೆಯೆತ್ತಲಿಲ್ಲ.

"ಮೂರು ಜನ ಮುಂದೆ ಹೋಗೋ ತನಕ ನೀನೇನು ಕುರಿ ಕಾಯ್ತಿದ್ದೆಯಾ?"

ನನಗೆ ಅಳು ಬಂತು. ಒಂದು ಒಳ್ಳೆಯ ಮಾತಾಡಿದ್ದರೆ ಈ ಮುದುಕನ ಗಂಟೇನು ಹೋಗುತ್ತಿತ್ತು ಎಂದು ಬೈದುಕೊಂಡೇ ಹಾಸ್ಟೆಲ್ ಸೇರಿದೆ.

ನಾಲ್ಕು ತಿಂಗಳ ಮೇಲೆ ಅಣ್ಣ ನೋಡಲು ಬಂದ. ತಾತ ತೀರಿಕೊಂಡು ಆಗಲೇ ಹನ್ನೊಂದು ದಿನವಾಗಿತ್ತು. ಒಂದು ಫೋನ್ ಮಾಡಲಿಲ್ಲವಲ್ಲ ಎಂದು ಅವನ ಮೇಲೆ ಕೂಗಾಡಿದೆ.

"ತಾತಾನೇ ಬ್ಯಾಡ ಅಂದಿದ್ರು" ಎಂದ ಅಣ್ಣ. "ಆಸ್ಪತ್ರೆಯಾಗೆ ಮಲಗಿದ್ದಾಗ್ಲೂ ಬೈದ್ರು. ಆ ಹುಡುಗೀಗೆ ತಿಳಿಸಿದ್ರೆ ನೋಡ್ರಿ, ಪ್ರಾಕ್ಟೀಸ್ ಬಿಟ್ಟು ಬಂದು ಇಲ್ಲಿ ಅತ್ಕಂತ ಕುಂತ್ರೆ ನಾನೇನು ಎದ್ದು ಬರ್ತೀನಾ, ಅಂದ್ರು."

ಅಣ್ಣನನ್ನು ಬಸ್ಸು ಹತ್ತಿಸಿ ಸಂಜೆಯ ಪ್ರಾಕ್ಟೀಸಿಗೆ ಹೋದೆ. ಕಲ್ಲಿನ ಇಳಿಜಾರು ಮಂಜುಮಂಜಾಗಿ ಕಾಣುತ್ತಿತ್ತು. ಕಣ್ಣು ಒರೆಸಿಕೊಳ್ಳಲು ಹ್ಯಾಂಡಲ್ಲಿನಿಂದ ಕೈ ತೆಗೆಯಲಿಲ್ಲ. ತೆಗೆದಿದ್ದರೆ ಬೈಯುತ್ತಿದ್ದರು.