ನೀರು ಕುಡಿಯಲು ಕಲಿತ ಅಂಗಳ

ಬಂದವರ ಮುಂದೆ ಅಂಗಳದಲ್ಲಿ ಒಂದು ತಂಬಿಗೆ ನೀರು ಸುರಿದು, ಅದು ಎಲ್ಲಿಯೂ ನಿಲ್ಲದೆ ಸರ್ರನೆ ಓಣಿಗೆ ಹರಿದುಹೋಗುವ ಚೆಂದವನ್ನು ತೋರಿಸುವ ಚಟವೊಂದು ನನಗಿತ್ತು. ನಿಮಗೂ ಇಂಥ ನಿರುಪದ್ರವಿ ಹೆಮ್ಮೆಗಳಿರಬಹುದು. ನನ್ನದು ನಿರುಪದ್ರವಿಯಾಗಿರಲಿಲ್ಲ ಎಂಬುದು ತಡವಾಗಿ ತಿಳಿಯಿತು.

ಗಜೇಂದ್ರಗಡದ ಗುಡ್ಡದ ಬುಡದ ಇಳಿಜಾರು ಓಣಿಯಲ್ಲಿ ನಮ್ಮ ಮನೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ಮಣ್ಣಿನ ಅಂಗಳವೆಂದರೆ ಅಪಮಾನವೆಂದು ಎಲ್ಲರೂ ಸಿಮೆಂಟು ಹಾಕಿಸುತ್ತಿದ್ದ ಕಾಲ. ಹೈಸ್ಕೂಲಿನಲ್ಲಿ ದಿನವೂ ಸಂಧಿ ಕಲಿಸುತ್ತಿದ್ದ ನಾನು ಮನೆಯಂಗಳದಲ್ಲಿ ಒಂದೇ ಒಂದು ಸಂದಿಯನ್ನೂ ಉಳಿಸದೆ ಸಿಮೆಂಟು ಬಳಿಸಿದೆ.

ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಕಿಟಕಿಯಲ್ಲಿ ನಿಂತು ನೀರಿನ ಓಟವನ್ನು ಸವಿಯುತ್ತಿದ್ದಾಗ ಕೆಳಗಿನ ಮನೆಯ ಶಂಕ್ರವ್ವ ಮೊಣಕಾಲತನಕ ತೋಯ್ದು ಬಾಗಿಲಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಕೈಮಗ್ಗ ನೇಯ್ದೇ ಮಗಳನ್ನು ಬೆಳೆಸಿದ ಹೆಂಗಸು.

“ಮಾಸ್ತರ್ರ, ನಿಮ್ಮ ಅಂಗಳದ ನೀರು ನನ್ನ ಮಗ್ಗದ ಕುಣ್ಯಾಗ ಬಂದೈತಿ. ಒಂದೀಟು ಬಂದು ನೋಡ್ರಿ.”

ಹೋಗಿ ನೋಡಿದೆ. ನೇಯುವಾಗ ಕಾಲು ಇಳಿಬಿಡುವ ಕುಣಿ ತುಂಬಿ, ತುಳಿಯುವ ಹಲಗೆಗಳು ಕೆಂಪು ನೀರಿನಲ್ಲಿ ತೇಲುತ್ತಿದ್ದವು. ಚೊಚ್ಚಲ ಬಸುರಿ ಮಗಳ ಸೀಮಂತಕ್ಕೆಂದು ನೇಯುತ್ತಿದ್ದ ಹಸಿರು ಸೀರೆ ಅರ್ಧದಷ್ಟು ರಾಡಿ ಕುಡಿದಿತ್ತು. ಆಕೆ ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ, ನನ್ನ ಕೈಗೊಂದು ಬಕೀಟು ಕೊಟ್ಟರು. ಇಬ್ಬರೂ ಸೇರಿ ನೀರು ಹೊರಹಾಕಿದೆವು.

“ನಿಮ್ಮ ಬಾಗಿಲಿಗೆ ಒಂದು ಕಟ್ಟಿ ಕಟ್ಟಿಸಿಕೊಡ್ತೀನಿ” ಎಂದೆ.

“ನನಗ ಕಟ್ಟಿ ಕಟ್ಟಿದ್ರ ಕೆಳಗಿನವರ ಮನಿಗೆ ಹೋಗತೈತ್ರಿ. ಎಲ್ಲಿಂದ ಹೊಂಟೈತಿ ಅಲ್ಲೇ ನಿಲ್ಲಸ್ರಿ.”

ಆ ಮಾತು ಎದೆಯಲ್ಲಿ ನಾಟಿತು. ರವಿವಾರ ಬೆಳಿಗ್ಗೆಯೇ ಕಬ್ಬಿಣದ ಹಾರೆ ಹಿಡಿದು ಅಂಗಳಕ್ಕಿಳಿದೆ. “ಹಾಕಿಸಿ ಆರು ತಿಂಗಳಾಗಿಲ್ಲ, ಒಡೀತೀರೇನು?” ಎಂದು ಹೆಂಡತಿ ಹೌಹಾರಿದಳು. ಸಿಮೆಂಟು ಹಾಕಿದ್ದ ಗೌಂಡಿ ದಾವಲಸಾಬ ಸುದ್ದಿ ಕೇಳಿ ಓಡಿಬಂದ.

“ನನ್ನ ಕೆಲಸ ಕೆಟ್ಟೈತೇನ್ರಿ ಸರ?”

“ಭಾಳ ಚಲೋ ಆಗೈತಿ, ದಾವಲಸಾಬ. ಅದ ತೊಂದರಿ. ಒಂದು ಹನಿನೂ ಒಳಗಿಳಿಯೂದಿಲ್ಲ.”

ಅವನು ನಕ್ಕು, ನನ್ನ ಕೈಯಿಂದ ಹಾರೆ ಇಸಿದುಕೊಂಡ. ತನ್ನ ಅಪ್ಪ ಉಸುಕಿನ ಮೇಲೆ ಕಲ್ಲು ಜೋಡಿಸುತ್ತಿದ್ದ ಬಗೆ ಅವನಿಗೆ ನೆನಪಿತ್ತು. ಗುಡ್ಡದ ಚಪ್ಪಡಿ ಕಲ್ಲುಗಳನ್ನು ಬೆರಳಗಲ ಸಂದಿ ಬಿಟ್ಟು ಕೂರಿಸಿ, ಸಂದಿಗಳಿಗೆ ಉಸುಕು, ಹರಳು ತುಂಬಿದೆವು. ತಗ್ಗಿನ ಮೂಲೆಯಲ್ಲಿ ಮೊಣಕಾಲುದ್ದ ತೋಡಿ, ತಳಕ್ಕೆ ಜಲ್ಲಿ, ಮೇಲೆ ಉಸುಕು ಬೆರೆತ ಮಣ್ಣು ಹಾಕಿ, ಅಂಚಿಗಿಂತ ಒಂದು ಗೇಣು ತಗ್ಗಾಗಿಯೇ ಬಿಟ್ಟು, ಲಾವಂಚ, ಕಾಬಾಳೆ ನೆಟ್ಟೆವು. ಹಾದಿಹೋಕರು “ಎಮ್ಮಿ ಮಲಗಸ್ತೀರೇನ್ರಿ ಮಾಸ್ತರ?” ಎಂದು ಕೇಳಿದರು. ನಗುವವರಿಗೆ ನಗಲು ಬಿಟ್ಟೆ.

ಮುಂದಿನ ಮಳೆಗೆ ಆ ತಗ್ಗಿನ ತೋಟ ತುಂಬಿ ಉಕ್ಕಿ, ನೀರು ಮತ್ತೆ ಶಂಕ್ರವ್ವನ ಹೊಸ್ತಿಲು ಮುಟ್ಟಿತು. ಒಳಗೆ ಮಗ್ಗಕ್ಕೆ ಹೊಸ ಹಾಸುನೂಲು ಕಟ್ಟಿ ಅವರು ಸೀರೆಯನ್ನು ಮೊದಲಿನಿಂದ ನೇಯತೊಡಗಿದ್ದರು. ಸೀಮಂತಕ್ಕೆ ಹದಿನೈದು ದಿನ ಉಳಿದಿತ್ತು. ನನ್ನ ಮೋಸ ನನಗೇ ಗೊತ್ತಿತ್ತು. ಸ್ಕೂಟರು ಕೆಸರಾಗಬಾರದೆಂದು ಅಂಗಳದ ಒಂದು ಪಾಲು ಸಿಮೆಂಟನ್ನು ಒಡೆಯದೆ ಉಳಿಸಿಕೊಂಡಿದ್ದೆ. ಪಶ್ಚಾತ್ತಾಪದಲ್ಲಿಯೂ ಪಾರ್ಕಿಂಗಿಗೆ ಜಾಗ ಕಾದಿರಿಸುವ ಮನುಷ್ಯ ನಾನು! ಮರುದಿನವೇ ಅದನ್ನೂ ಒಡೆದೆವು, ತೋಟವನ್ನು ಇಮ್ಮಡಿ ಅಗಲ ಮಾಡಿದೆವು. ಈ ಸಲ ಹೆಂಡತಿಯೂ ಬುಟ್ಟಿ ಹೊತ್ತಳು.

ವಾರ ಕಳೆದು ಮತ್ತೆ ಮಳೆ ಜಡಿಯಿತು. ಕಲ್ಲುಗಳ ನಡುವೆ ಗುಳುಗುಳು ಎನ್ನುತ್ತ ನೀರು ಇಳಿಯತೊಡಗಿತು. ತೋಟದಲ್ಲಿ ನೀರು ಏರುತ್ತ ಬಂದು, ಅಂಚಿಗಿಂತ ನಾಲ್ಕು ಬೆರಳು ಕೆಳಗೆ ನಿಂತುಬಿಟ್ಟಿತು. ಆದರೂ ನಂಬಿಕೆ ಸಾಲದೆ ಕೊಡೆ ಬಿಚ್ಚಿಕೊಂಡು ಕೆಳಗಿನ ಮನೆಗೆ ಧಾವಿಸಿದೆ.

ಕುಣಿ ಒಣಗಿತ್ತು. ಶಂಕ್ರವ್ವ ಅದರಲ್ಲಿ ಕಾಲು ಇಳಿಬಿಟ್ಟು ಹಸಿರು ಸೀರೆಯ ಸೆರಗು ನೇಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

“ಬರ್ರಿ ಮಾಸ್ತರ್ರ. ಕೊಡಿ ಮಾತ್ರ ಹೊರಗ ಇಡ್ರಿ. ಮನಿಯೊಳಗ ನೀರು ತರಬ್ಯಾಡ್ರಿ.”